ಹಂದಿಯ ದನಿ ಕ್ಷೇಮದ ಅಳತೆಗೋಲಾದ ಬಗೆ

ಮಗ್ಗುಲಾಗಿ ಮಲಗಿ ಮರಿಗಳಿಗೆ ಹಾಲೂಡುವ ತಾಯಿ ಹಂದಿ ಮೊದಮೊದಲು ಬಿಟ್ಟುಬಿಟ್ಟು ಗುಟುರು ಹಾಕುತ್ತದೆ. ಮರಿಗಳು ಮೂತಿಯಿಂದ ಕೆಚ್ಚಲನ್ನು ತಿವಿಯುತ್ತಿದ್ದಂತೆ ಗುಟುರಿನ ವೇಗ ಒಮ್ಮೆಲೇ ಏರುತ್ತದೆ. ಅದಾದ ಕೆಲವು ಸೆಕೆಂಡುಗಳಲ್ಲಿ ಹಾಲು ಇಳಿಯುತ್ತದೆ. ಹಾಲು ಸುರಿಯುವುದು ಹೆಚ್ಚುಕಡಿಮೆ 20 ಸೆಕೆಂಡು ಮಾತ್ರವಾದ್ದರಿಂದ, ಆ ಹೊತ್ತಿಗೆ ಮೊಲೆ ಹಿಡಿಯದ ಮರಿಗೆ ಆ ಸರದಿ ತಪ್ಪಿದಂತೆಯೇ. ಹಂದಿಯ ದನಿಯಲ್ಲಿ ಅರ್ಥವಿದೆಯೆಂಬುದು ಸಾಕುವವರಿಗೆ ಎಂದೂ ಹೊಸ ಸಂಗತಿಯಾಗಿರಲಿಲ್ಲ. ಅದನ್ನು ಅಳೆದು ಪುರಾವೆಯಾಗಿ ಮುಂದಿಡಬಹುದೆಂಬ ವಿಚಾರ ಮಾತ್ರ ಈಚಿನದು.

ಕಾರ್ಖಾನೆಯ ಮಾದರಿಯ ಪಶುಸಾಕಣೆಯನ್ನು ಲೇಖಕಿ ರೂತ್ ಹ್ಯಾರಿಸನ್ 1964ರಲ್ಲಿ ಬಯಲಿಗೆಳೆದ ಮೇಲೆ ಬ್ರಿಟನ್ ಸರ್ಕಾರ ನೇಮಿಸಿದ ಬ್ರಾಂಬೆಲ್ ಸಮಿತಿ, ಪ್ರಾಣಿಯ ಭಾವನೆಗಳನ್ನು ಅದರ ವರ್ತನೆಯಿಂದಲೂ ತಿಳಿಯಬಹುದೆಂದು 1965ರ ವರದಿಯಲ್ಲಿ ಒಪ್ಪಿಕೊಂಡಿತು. ಆದರೆ ಕೂಗನ್ನು ನಂಬಬಹುದೇ? ತಾಯಿಯ ಗಮನ ಸೆಳೆಯಲು ಮರಿ ಸುಮ್ಮನೆ ರಂಪ ಮಾಡುತ್ತಿರಲೂಬಹುದಲ್ಲ. ಪ್ರಾಣಿವರ್ತನೆಯ ಸಂಶೋಧಕರಾದ ಡೇನಿಯಲ್ ವಿಯರಿ ಮತ್ತು ಡೇವಿಡ್ ಫ್ರೇಸರ್ 1995ರಲ್ಲಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡು, ತಾಯಿಯಿಂದ ಬೇರ್ಪಡಿಸಿದ ಮರಿಗಳ ಪೈಕಿ ಹಸಿದವು ಹೊಟ್ಟೆ ತುಂಬಿದವುಗಳಿಗಿಂತ ಹೆಚ್ಚು ಬಾರಿ, ಹೆಚ್ಚು ಎತ್ತರದ ದನಿಯಲ್ಲಿ ಕೂಗುತ್ತವೆಂದು ತೋರಿಸಿದರು. ಗಂಡುಮರಿಗಳ ಬೀಜ ಒಡೆಯುವಾಗಿನ (ವೃಷಣ ತೆಗೆಯುವಾಗಿನ) ಕಿರುಚಾಟದ ಅಧ್ಯಯನ ಇನ್ನೂ ನಾಜೂಕಿನದು. ಸುಮ್ಮನೆ ಕೈಯಲ್ಲಿ ಎತ್ತಿ ಹಿಡಿದರೂ ಹಂದಿಮರಿ ಕಿರುಚುತ್ತದೆ. ಹಾಗಾಗಿ ಹಿಡಿದಷ್ಟೇ ಬಿಟ್ಟ ಮರಿಗಳನ್ನು ಜೊತೆಗಿಟ್ಟು ಹೋಲಿಸಿದರು. 1,000 ಹರ್ಟ್ಸ್ ಮೀರಿದ ಎತ್ತರದ ದನಿಯ ಕಿರುಚು ಬೀಜ ಒಡೆದ ಮರಿಗಳಲ್ಲೇ ಹೆಚ್ಚಿತ್ತು.

ಅದೇ ದಶಕದಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಕಸಾಯಿಖಾನೆಗಳಲ್ಲಿ ಪ್ರಾಣಿಗಳ ಸಂಕಟವನ್ನು ಅಳೆಯಲು ಕೂಗುವ ದನಗಳನ್ನು ಎಣಿಸುವ ಪದ್ಧತಿ ತಂದರು. ಗುಂಪಿನಲ್ಲಿ ಒಟ್ಟಿಗೆ ಕಿರುಚುವ ಹಂದಿಗಳಲ್ಲಿ ಯಾವುದು ಕೂಗಿತೆಂದು ಗುರುತಿಸುವುದು ಕಷ್ಟವಾದ್ದರಿಂದ ಈ ಎಣಿಕೆ ಅವುಗಳಿಗೆ ಅಷ್ಟಾಗಿ ಒಗ್ಗಲಿಲ್ಲ. ಮನುಷ್ಯನ ಕಿವಿಯ ಬದಲು ಯಂತ್ರವನ್ನು ಕೂರಿಸುವ ಯತ್ನ ಜರ್ಮನಿಯ ಡುಮ್ಮರ್‌ಸ್ಟಾರ್ಫ್‌ನಲ್ಲಿ ನಡೆಯಿತು: ಅಲ್ಲಿನ ಸಂಶೋಧಕರು 2000ದ ದಶಕದ ಆರಂಭದಲ್ಲಿ, ಕೊಟ್ಟಿಗೆಯ ಸದ್ದಿನ ನಡುವೆ ಒತ್ತಡದ ಕಿರುಚನ್ನು ಮಾತ್ರ ಹೆಕ್ಕಿ ದಾಖಲಿಸುವ ಸ್ಟ್ರೆಮೊಡೊ ಎಂಬ ಉಪಕರಣವನ್ನು ರೂಪಿಸಿದರು.

ಇವೆಲ್ಲ ನೋವನ್ನಷ್ಟೇ ಹುಡುಕಿದವು. ಯುರೋಪಿನ ಸಂಶೋಧಕರ ತಂಡವೊಂದು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಹೆಚ್ಚುಗಾರಿಕೆ ಇರುವುದು, ನನ್ನ ಲೆಕ್ಕದಲ್ಲಿ, ಅದು ನೆಮ್ಮದಿಯ ದನಿಗೂ ಕಿವಿಗೊಟ್ಟಿತೆಂಬುದರಲ್ಲಿ. ಹುಟ್ಟಿನಿಂದ ವಧೆಯವರೆಗಿನ ನಾನಾ ಸಂದರ್ಭಗಳಲ್ಲಿ 411 ಹಂದಿಗಳಿಂದ ಪಡೆದ 7,414 ಕೂಗುಗಳನ್ನು ಕಂಪ್ಯೂಟರ್ ಹಿತ, ಅಹಿತ ಎಂದು ವಿಂಗಡಿಸಿತು, ಸುಮಾರು ಶೇ. 92ರಷ್ಟು ಸರಿಯಾಗಿತ್ತು. ಹಿತದ ಕೂಗುಗಳು ಚಿಕ್ಕವು, ಏರಿಳಿತ ಕಡಿಮೆ, ಅಹಿತದವು ಉದ್ದ.

ಕಾನೂನು ಇಷ್ಟು ದೂರ ಬಂದಿಲ್ಲ. ಐರೋಪ್ಯ ಒಕ್ಕೂಟದ 2008ರ ನಿರ್ದೇಶನ ಹಂದಿಯ ಕೊಟ್ಟಿಗೆಯಲ್ಲಿ 85 ಡೆಸಿಬಲ್ ಮಟ್ಟದ ನಿರಂತರ ಸದ್ದು ಇರಕೂಡದೆನ್ನುತ್ತದೆ. ಆ ಸದ್ದು ಫ್ಯಾನಿನದೋ ಹಂದಿಗಳದೋ ಎಂದು ಅದು ಕೇಳುವುದಿಲ್ಲ. ಯಂತ್ರಕ್ಕೂ ತನ್ನದೇ ಮಿತಿಯಿದೆ. ಯಾವ ಸಂದರ್ಭ ಹಿತ, ಯಾವುದು ಅಹಿತ ಎಂದು ಮೊದಲು ಗುರುತು ಹಾಕಿಕೊಟ್ಟವರು ಮನುಷ್ಯರೇ. ಇನ್ನು ಇಕ್ಕಟ್ಟಿನ ಕಟಕಟೆಯಲ್ಲಿ ಬೇಸತ್ತು, ಕಂಬಿಯನ್ನು ಕಚ್ಚುತ್ತ ಸದ್ದಿಲ್ಲದೆ ನಿಂತ ಹಂದಿಯ ಬಗ್ಗೆ ಮೈಕ್ರೊಫೋನ್ ಏನನ್ನೂ ದಾಖಲಿಸುವುದಿಲ್ಲ.