ಕಾರಿನ ಎ.ಸಿ. ಗ್ಯಾಸ್ ವರ್ಷಕ್ಕೊಮ್ಮೆ ತುಂಬಿಸಬೇಕೆ?

ಪ್ರಶ್ನೆ: ಕಾರಿನ ಎ.ಸಿ. ಮೊದಲಿನಷ್ಟು ತಂಪು ಕೊಡುತ್ತಿಲ್ಲ. ಗ್ಯಾಸ್ ತುಂಬಿಸಿ ವರ್ಷವಾಯಿತು. ಮತ್ತೆ ತುಂಬಿಸಬೇಕೆ?

ಮಾರ್ಚ್ ಬಂತೆಂದರೆ ಈ ಪ್ರಶ್ನೆಯೂ ಬಂದಂತೆಯೇ. ಕೇಳುವವರ ಊರು, ಕಾರು ಬೇರೆಯಾಗಿರುತ್ತವೆ. ‘ತುಂಬಿಸಿ ವರ್ಷವಾಯಿತು’ ಎಂಬ ಮಾತು ಮಾತ್ರ ಅದೇ. ಇನ್ನೊಮ್ಮೆ ಹೇಳುತ್ತೇನೆ: ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ, ಕಂಡೆನ್ಸರ್‌ನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ, ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗಿ ಗಾಳಿಯ ಶಾಖವನ್ನು ಹೀರಿಕೊಂಡು ಮತ್ತೆ ಕಂಪ್ರೆಸರ್ ಸೇರುತ್ತದೆ. ರಬ್ಬರ್ ಪೈಪುಗಳಿಂದ ಹಲವು ವರ್ಷಗಳಲ್ಲಿ ತುಸು ಹೊರಹೋಗುವುದು ನಿಜ. ಒಂದೇ ವರ್ಷಕ್ಕೆ ಖಾಲಿಯಾದರೆ ಎಲ್ಲೋ ಸೋರುತ್ತಿದೆ.

‘ಮೀಟರ್ ಹಾಕಿ ತೋರಿಸಿದರು ಸಾರ್, ಗ್ಯಾಸ್ ಅರ್ಧವೇ ಇತ್ತು’ ಎನ್ನುತ್ತೀರಿ. ಮೀಟರ್ ತೋರಿಸುವುದು ಒತ್ತಡವನ್ನು, ಪ್ರಮಾಣವನ್ನಲ್ಲ. ಎಂಜಿನ್ ನಿಂತಿರುವಾಗ, 30 ಡಿಗ್ರಿ ಸೆಲ್ಸಿಯಸ್ ಬಿಸಿಲಿನ ಊರಿನಲ್ಲಿ, ಕಾರಿನ ಎ.ಸಿ.ಗೆ ತುಂಬುವ ಆರ್-134ಎ ಎಂಬ ಗ್ಯಾಸಿನ ಒತ್ತಡ ಸುಮಾರು 95 ಪಿಎಸ್‌ಐ. ಒಳಗೆ ದ್ರವರೂಪದಲ್ಲಿ ಒಂದಿಷ್ಟು ಉಳಿದಿದ್ದರೂ ಸಾಕು, ಮುಳ್ಳು ಅಲ್ಲೇ ನಿಲ್ಲುತ್ತದೆ. ಅಡುಗೆಮನೆಯ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ಹೇಗೆ ನೋಡುತ್ತೀರಿ? ಎತ್ತಿ, ಅಲುಗಾಡಿಸಿ. ಇದೂ ತೂಕದ ಲೆಕ್ಕವೇ. ಎಂಜಿನ್ ಓಡುವಾಗ ಒತ್ತಡ ಕಡಿಮೆ ತೋರಿಸಿದರೂ ಅದು ಗ್ಯಾಸಿನ ಕೊರತೆಯೇ ಆಗಬೇಕಿಲ್ಲ. ಕೂಲಿಂಗ್ ಕಾಯಿಲ್‌ಗೆ ದ್ರವವನ್ನು ಹಿಡಿತದಲ್ಲಿ ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿಕೊಂಡಿರಬಹುದು. ಎಷ್ಟು ಗ್ರಾಂ ಬೇಕೆಂಬುದು ಸಾಮಾನ್ಯವಾಗಿ ಬಾನೆಟ್ಟಿನಡಿಯ ಚೀಟಿಯಲ್ಲೇ ಇರುತ್ತದೆ. ಹೆಚ್ಚಿನ ಸಣ್ಣ ಕಾರುಗಳಿಗೆ ಅರ್ಧ ಕಿಲೋ ಕೂಡ ಬೇಡ. ಹೆಚ್ಚು ತುಂಬಿದರೆ ತಂಪು ಇನ್ನೂ ಇಳಿಯುತ್ತದೆ.

ಒಬ್ಬ ಟ್ಯಾಕ್ಸಿ ಮಾಲೀಕರು ಮೂರು ಬೇಸಿಗೆ ಸತತವಾಗಿ ತುಂಬಿಸಿಕೊಂಡು ನನ್ನಲ್ಲಿಗೆ ಬಂದಿದ್ದರು. ಪೈಪಿನ ಒಂದು ಜೋಡಣೆಯ ಸುತ್ತ ಮಾತ್ರ ಧೂಳು ಕಪ್ಪಗೆ, ಜಿಡ್ಡಾಗಿ ಅಂಟಿತ್ತು. ಗ್ಯಾಸಿನ ಜೊತೆಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಸೋರುವ ಜಾಗ ಹೀಗೆ ತಾನೇ ಗುರುತು ಬಿಟ್ಟಿರುತ್ತದೆ. ಸೋಪಿನ ನೊರೆ ಹಚ್ಚಿದೆ, ಗುಳ್ಳೆ ಎದ್ದಿತು. ಹೋಗಿದ್ದದ್ದು ಉಂಗುರದಷ್ಟು ಸಣ್ಣ ರಬ್ಬರ್ ರಿಂಗ್. ಆದರೆ ಅಷ್ಟರಲ್ಲಿ ಎಣ್ಣೆಯಿಲ್ಲದೆ ಕಂಪ್ರೆಸರ್ ಕಿರುಗುಟ್ಟಲು ಶುರುವಾಗಿತ್ತು, ಅದನ್ನೂ ಬದಲಾಯಿಸಬೇಕಾಯಿತು.

ಇನ್ನು, ಕಾರಿನಡಿ ತೊಟ್ಟಿಕ್ಕುವ ನೀರನ್ನು ‘ಗ್ಯಾಸ್ ಲೀಕ್’ ಎನ್ನಬೇಡಿ. ಆ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ನೆಲದ ಮೇಲೆ ಹನಿಯಾಗಿ ಕೂರುವುದಿಲ್ಲ. ಆ ನೀರು ತಣ್ಣನೆಯ ಕೂಲಿಂಗ್ ಕಾಯಿಲ್ ಮೇಲೆ ಹನಿಗಟ್ಟಿದ ಗಾಳಿಯ ತೇವ.

ಹಾಗಾದರೆ ನಿಮ್ಮ ಕಾರಿಗೆ ಏನಾಗಿದೆ? ಓಡುವಾಗ ತಂಪಿದ್ದು ಸಿಗ್ನಲ್‌ನಲ್ಲಿ ಬಿಸಿಯಾದರೆ ಮೊದಲು ಕಂಡೆನ್ಸರ್ ಫ್ಯಾನ್ ತಿರುಗುತ್ತಿದೆಯೇ ನೋಡಿ. ಗಾಳಿಯೇ ಕಡಿಮೆ ಬಂದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಇವೆರಡೂ ಸರಿಯಿದ್ದರೆ ಸೋರಿಕೆ ಹುಡುಕಿಸಿ. ದುರಸ್ತಿ ಮಾಡಿ, ವ್ಯಾಕ್ಯೂಮ್ ಹಿಡಿಸಿ (ಪಂಪಿನಿಂದ ಒಳಗಿನ ಗಾಳಿ, ತೇವ ಹೊರತೆಗೆಸಿ), ತೂಕ ಹಾಕಿ ತುಂಬಿಸಲು ಹೇಳಿ.

ಯಾರೂ ಕೇಳದ ಒಂದು ಮಾತು. ಮಲೆನಾಡಿನವರು ಜೂನ್ ಬಂದೊಡನೆ ಎ.ಸಿ. ಬಂದ್ ಮಾಡಿ, ಘಾಟಿಯಲ್ಲಿ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾರೆ. ಎ.ಸಿ. ಹಾಕಿದರೆ ಅದು ಗಾಳಿಯ ತೇವ ಹೀರುತ್ತದೆ, ಗಾಜಿನ ಮಂಜು ಹೋಗುತ್ತದೆ. ಗುಂಡಿಯನ್ನು ಗಾಜಿನ ಕಡೆಗೆ, ಹೊರಗಿನ ಗಾಳಿಗೆ ತಿರುಗಿಸಿ. ಚಳಿಯಾದರೆ ಹೀಟರನ್ನೂ ಹಾಕಿಕೊಳ್ಳಿ, ಎರಡೂ ಒಟ್ಟಿಗೆ ನಡೆಯುತ್ತವೆ.