ಪದ ಪರಿಚಯ: ಔಷಧ ಲೇಪಿತ ಸ್ಟೆಂಟ್

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೋನರಿ ನಾಳದೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾದಾಗ, ಬಲೂನಿನಿಂದ ಅಗಲಿಸಿ ಅಲ್ಲೇ ಉಳಿಸುವ ಲೋಹದ ಜಾಲರಿ ಕೊಳವೆಯೇ ಸ್ಟೆಂಟ್. ಜಾಲರಿಗೆ ನಿಧಾನವಾಗಿ ಹೊರಬರುವ ಔಷಧ ಬಳಿದಿದ್ದರೆ ಅದು ಔಷಧ ಲೇಪಿತ ಸ್ಟೆಂಟ್. ಡಿಸ್‌ಚಾರ್ಜ್ ಚೀಟಿಯಲ್ಲಿ ‘ಡಿಇಎಸ್’ (ಡ್ರಗ್ ಎಲ್ಯೂಟಿಂಗ್ ಸ್ಟೆಂಟ್) ಎಂದಿರುತ್ತದೆ.

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಕರೋನರಿ ಬಲೂನ್ ಆಂಜಿಯೋಪ್ಲಾಸ್ಟಿ ಮಾಡಿದರು. ಬರೀ ಬಲೂನಿನಿಂದ ಹಿಗ್ಗಿಸಿದ ನಾಳ, ಸುಮಾರು ಮೂವರಲ್ಲಿ ಒಬ್ಬರಿಗೆ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುತ್ತಿತ್ತು. 1986ರಲ್ಲಿ ಬಂದ ಸ್ಟೆಂಟ್ ಗೋಡೆ ಕುಗ್ಗದಂತೆ ತಡೆಹಿಡಿಯಿತು. ಆದರೆ ಒತ್ತಡಕ್ಕೆ ಗಾಯಗೊಂಡ ಗೋಡೆಯ ಸ್ನಾಯುಕೋಶಗಳು ಗಾಯ ಮಾಯುವಾಗ ಅತಿಯಾಗಿ ಬೆಳೆದು, ಜಾಲರಿಯ ಕಿಂಡಿಗಳಿಂದ ಒಳಕ್ಕೆ ತುಂಬಿಕೊಳ್ಳತೊಡಗಿದವು. ಇದೇ ರೀಸ್ಟೆನೋಸಿಸ್. ಮೊದಲ ತಿಂಗಳುಗಳಲ್ಲಿ ಹೀಗೆ ಬೆಳೆಯುವುದು ಕೊಬ್ಬಲ್ಲ, ಗಾಯದ ಅಂಗಾಂಶ. ಹಾಗಾಗಿ ಕಟ್ಟುನಿಟ್ಟಾಗಿ ಪಥ್ಯ ಮಾಡಿದವರನ್ನೂ ಅದು ಬಿಡುವುದಿಲ್ಲ. ಬರಿಯ ಲೋಹದ ಸ್ಟೆಂಟ್‌ನಲ್ಲಿ ಇದರ ಪ್ರಮಾಣ ಶೇ 20ರಿಂದ 30 ಇತ್ತು. ಔಷಧ ಲೇಪಿಸಿದ ಮೇಲೆ ಶೇ 10ಕ್ಕಿಂತ ಕೆಳಗಿಳಿಯಿತು.

ಮೊದಲು ಬಳಸಿದ ಔಷಧ ಸಿರೋಲಿಮಸ್. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ದೊರೆತದ್ದು. ಕಿಡ್ನಿ ಕಸಿ ಮಾಡಿಸಿಕೊಂಡವರಿಗೂ ಕೊಡುವಂಥದ್ದು. ಅದು ಕೋಶ ವಿಭಜನೆಯನ್ನು ತಡೆಯುತ್ತದೆ. ಇಂದು ಅದರ ಬಳಗದ ಎವೆರೋಲಿಮಸ್, ಜೋಟರೋಲಿಮಸ್‌ಗಳೂ ಬಳಕೆಯಲ್ಲಿವೆ. ಔಷಧದ ಪ್ರಮಾಣ ಮೈಕ್ರೋಗ್ರಾಂಗಳಲ್ಲಿರುತ್ತದೆ. ಅದನ್ನು ಹಿಡಿದಿಟ್ಟಿರುವ ಪಾಲಿಮರ್ ಪದರವು ಎವೆರೋಲಿಮಸ್‌ನ ಹೆಚ್ಚಿನ ಪಾಲನ್ನು ಮೊದಲ ತಿಂಗಳಲ್ಲೇ, ಉಳಿದದ್ದನ್ನು ಮುಂದಿನ ಕೆಲವು ತಿಂಗಳಲ್ಲಿ ಬಿಡುತ್ತದೆ.

ರೋಗಿಗಳು ಮುಖ್ಯವಾಗಿ ತಿಳಿಯಬೇಕಾದದ್ದು ಇಲ್ಲಿದೆ. ಅತಿಬೆಳವಣಿಗೆ ತಡೆಯುವ ಅದೇ ಔಷಧ, ಸ್ಟೆಂಟ್‌ನ ತಂತಿಗಳ ಮೇಲೆ ನಾಳದ ಒಳಪೊರೆ ಹಬ್ಬುವುದನ್ನೂ ತಡ ಮಾಡುತ್ತದೆ. ಪೊರೆ ಮುಚ್ಚುವವರೆಗೆ ಬೆತ್ತಲೆ ತಂತಿಗೆ ರಕ್ತ ತಾಗಿ ಹೆಪ್ಪುಗಟ್ಟಬಹುದು. ರೀಸ್ಟೆನೋಸಿಸ್ ಸಾಮಾನ್ಯವಾಗಿ ನಿಧಾನವಾಗಿ, ಎದೆನೋವಿನ ಮುನ್ಸೂಚನೆಯೊಂದಿಗೆ ಬರುತ್ತದೆ. ಹೆಪ್ಪು ನಿಮಿಷಗಳಲ್ಲಿ ನಾಳ ಮುಚ್ಚಿ ಹೃದಯಾಘಾತ ತರುತ್ತದೆ. ಅದಕ್ಕೇ ಆಸ್ಪಿರಿನ್ 75 ಮಿ.ಗ್ರಾಂ ಜೊತೆಗೆ ಕ್ಲೋಪಿಡೋಗ್ರೆಲ್ 75 ಮಿ.ಗ್ರಾಂ ಅಥವಾ ದಿನಕ್ಕೆರಡು ಬಾರಿ ಟಿಕಾಗ್ರೆಲೋರ್ 90 ಮಿ.ಗ್ರಾಂ ಕೊಡುತ್ತಾರೆ. ಹೃದಯಾಘಾತವಾಗಿದ್ದರೆ ಸಾಮಾನ್ಯವಾಗಿ 12 ತಿಂಗಳು, ಇಲ್ಲದಿದ್ದರೆ 6 ತಿಂಗಳು. ರಕ್ತಸ್ರಾವದ ಅಪಾಯ ಹೆಚ್ಚಿದ್ದವರಿಗೆ ವೈದ್ಯರೇ ಅವಧಿ ಇಳಿಸುತ್ತಾರೆ. ಆಮೇಲೆ ಒಂದು ಮಾತ್ರೆ ಮುಂದುವರಿಯುತ್ತದೆ. ಹಲ್ಲು ಕೀಳಿಸಬೇಕೆಂದು ತಾವಾಗಿಯೇ ಎರಡೂ ಮಾತ್ರೆ ನಿಲ್ಲಿಸುವುದು ಪ್ರಾಣಕ್ಕೆ ಎರವಾಗಬಹುದು. ಹೃದ್ರೋಗ ವೈದ್ಯರಿಗೆ ಒಂದು ಫೋನ್ ಮಾಡದೆ ಯಾವ ಮಾತ್ರೆಯನ್ನೂ ಬಿಡಬೇಡಿ.

ಭಾರತದಲ್ಲಿ 2017ರ ಫೆಬ್ರವರಿಯಲ್ಲಿ ಸರ್ಕಾರ ಔಷಧ ಲೇಪಿತ ಸ್ಟೆಂಟ್‌ನ ಗರಿಷ್ಠ ಬೆಲೆಯನ್ನು ₹29,600ಕ್ಕೆ ಇಳಿಸಿತು. ಆ ಬಳಿಕ ಪರಿಷ್ಕರಣೆಗಳಾಗಿವೆ. ಬಿಲ್ಲಿನಲ್ಲಿ ಸ್ಟೆಂಟ್‌ನ ಬೆಲೆ, ಕಂಪನಿ, ಬ್ಯಾಚ್ ಸಂಖ್ಯೆ ಬೇರೆಯಾಗಿ ಬರೆಸಿಕೊಳ್ಳಿ.

ಲೇಪನವಿದ್ದೂ ನಾಳ ಮತ್ತೆ ಕಿರಿದಾಗುವುದುಂಟು. ಸಕ್ಕರೆ ಕಾಯಿಲೆ, ಸಣ್ಣ ನಾಳ, ಉದ್ದನೆಯ ಸ್ಟೆಂಟ್ ಇದ್ದಲ್ಲಿ ಸಾಧ್ಯತೆ ಹೆಚ್ಚು. ನಾಳದ ಗೋಡೆಯಲ್ಲಿ ಗಟ್ಟಿಯಾಗಿ ಕಟ್ಟಿದ ಕ್ಯಾಲ್ಸಿಯಂ ಒಡೆಯದೆ ಕೂರಿಸಿ, ಸ್ಟೆಂಟ್ ಪೂರ್ತಿ ಅರಳದೇ ಉಳಿದಿರುವುದೂ ದೊಡ್ಡ ಕಾರಣ. ನಾಳದೊಳಗಿನ ಅಲ್ಟ್ರಾಸೌಂಡ್ ಅಥವಾ ಬೆಳಕಿನ ಕಿರಣದಿಂದ ತೆಗೆಯುವ ಓಸಿಟಿ ಚಿತ್ರದಲ್ಲಿ ಇದು ಕಾಣುತ್ತದೆ. ಅರಳದಿದ್ದರೆ ಹೆಚ್ಚು ಒತ್ತಡದ ಬಲೂನಿನಿಂದ ಅರಳಿಸುವುದು ಮೊದಲ ಕೆಲಸ. ಅಂಗಾಂಶ ಬೆಳೆದಿದ್ದರೆ ಔಷಧ ಲೇಪಿತ ಬಲೂನನ್ನು ಅರ್ಧದಿಂದ ಒಂದು ನಿಮಿಷ ಉಬ್ಬಿಸಿ ಹಿಡಿಯುತ್ತಾರೆ, ಇಲ್ಲವೇ ಒಳಗೆ ಇನ್ನೊಂದು ಸ್ಟೆಂಟ್ ಹಾಕುತ್ತಾರೆ.