ಹಲ್ಲಿನ ಕುಳಿಗೂ ಹೆಪ್ಪು ಬೇಕು

"ಎರಡು ದಿನ ಚೊಲೋ ಇತ್ತು, ಮೂರನೇ ದಿನಕ್ಕ ಸುರು ಆತು ನೋಡು." ನಿಪ್ಪಾಣಿಯ ನಮ್ಮ ಸೋದರಮಾವ ಕೆನ್ನೆ ಹಿಡಿದುಕೊಂಡು ಕೂತಿದ್ದರು. ಕೆಳಗಿನ ದವಡೆ ಹಲ್ಲು ಕೀಳಿಸಿದ್ದರು. ನೋವು ಕಿವಿವರೆಗೂ ಹೊಡೆಯುತ್ತಿತ್ತು. ನರ ಕಡಿದಿದ್ದಾರೆ ಅಂತ ಓಣಿಯವರು, ದೃಷ್ಟಿ ತಾಗಿದೆ ಅಂತ ಅತ್ತೆ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಕಪ್ಪುಗೆಂಪು ರಕ್ತದ ಗಡ್ಡೆ ಇರಬೇಕಾದ ಕುಳಿ ಬರಿದಾಗಿತ್ತು. ತಳದಲ್ಲಿ ಬೂದು ಬಣ್ಣದ ಎಲುಬು ಕಾಣುತ್ತಿತ್ತು.

ದೃಷ್ಟಿಯೂ ಅಲ್ಲ, ನರವೂ ಅಲ್ಲ. ಇದು ಡ್ರೈ ಸಾಕೆಟ್, ಅಂದರೆ ರಕ್ತದ ಗಡ್ಡೆ ಉಳಿಯದೆ ಬರಿದಾದ ಹಲ್ಲಿನ ಕುಳಿ. ಅಮೆರಿಕದ ದಂತವೈದ್ಯ ಜೇಮ್ಸ್ ಕ್ರಾಫರ್ಡ್ 1896ರಲ್ಲೇ ಇದರ ಬಗ್ಗೆ ಬರೆದಿದ್ದರು.

ಹಾಲಿಗೆ ಹೆಪ್ಪು ಹಾಕಿದ ಗಡಿಗೆಯನ್ನು ರಾತ್ರಿ ಯಾರೂ ಅಲುಗಾಡಿಸುವುದಿಲ್ಲ, ಅಲ್ವಾ? ರಕ್ತಕ್ಕೂ ನಾವು ಹೆಪ್ಪುಗಟ್ಟಿತು ಅಂತಲೇ ಹೇಳುತ್ತೇವೆ. ಎಷ್ಟು ಸರಿಯಾದ ಮಾತು! ಹಾಲಿನಲ್ಲಿ ಕೇಸಿನ್ ಅನ್ನುವ ಪ್ರೋಟೀನ್ ಬಲೆ ಕಟ್ಟುತ್ತದೆ, ರಕ್ತದಲ್ಲಿ ಫೈಬ್ರಿನ್. ಫೈಬ್ರಿನ್ನಿನ ಎಳೆಗಳು ಮಗ್ಗದ ನೂಲಿನ ಹಾಗೆ ಹೆಣೆದುಕೊಂಡು ರಕ್ತಕಣಗಳನ್ನು ಹಿಡಿದಿಡುತ್ತವೆ. ಈ ಗಡ್ಡೆ ಎಲುಬಿಗೆ ಹೊದಿಕೆ. ಮನೆ ಕಟ್ಟುವಾಗ ನಿಲ್ಲಿಸುವ ಸಾರವೆಯೂ ಹೌದು: ಹೊಸ ಜೀವಕೋಶಗಳು ಇದನ್ನೇ ಹಿಡಿದು ಒಳಗೆ ಬರುತ್ತವೆ. ಕೆಲಸ ಮುಗಿದಂತೆ ಪ್ಲಾಸ್ಮಿನ್ ಅನ್ನುವ ಕಿಣ್ವ ಬಲೆಯನ್ನು ಕರಗಿಸುತ್ತದೆ. ಡ್ರೈ ಸಾಕೆಟ್‌ನಲ್ಲಿ ಇದು ಅವಸರ ಮಾಡುತ್ತದೆ. ಗೋಡೆ ಏಳುವ ಮೊದಲೇ ಸಾರವೆ ಬಿಚ್ಚಿದ ಹಾಗೆ. ಎಲುಬು ಬಯಲಾಗಿ, ಅನ್ನದ ಅಗುಳು ತಾಗಿದರೂ ಜೀವ ಹೋಗುತ್ತದೆ.

ಸಾಮಾನ್ಯವಾಗಿ ಹಲ್ಲು ಕೀಳಿಸಿದ ನೂರರಲ್ಲಿ 2ರಿಂದ 5 ಮಂದಿಗೆ ಹೀಗಾಗುತ್ತದೆ. ಕೆಳಗಿನ ಬುದ್ಧಿ ಹಲ್ಲಿನಲ್ಲಿ ಇನ್ನೂ ಜಾಸ್ತಿ.

ಮಾವ ಮೊದಲ ರಾತ್ರಿಯಿಡೀ ಉಗುಳಿದ್ದರು. ಬೆಳಿಗ್ಗೆ ಎದ್ದವರೇ ಸುಣ್ಣ ತಿಕ್ಕಿ ತಂಬಾಕು ಇಟ್ಟಿದ್ದರು. ತಂಬಾಕಿನ ಊರಿನಲ್ಲಿ ಇದೊಂದು ದೊಡ್ಡ ವಿಷಯವೇ ಅಲ್ಲ. ಆದರೆ ಎಳೆ ಗಾಯಕ್ಕೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಬೀಡಿ ಎಳೆಯುವುದೂ ಅಷ್ಟೇ. ಮೊದಲ ದಿನ ಜೋರಾಗಿ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ. 24 ಗಂಟೆ ಕಳೆದ ಮೇಲೆ ಉಗುರು ಬೆಚ್ಚಗಿನ ಉಪ್ಪುನೀರನ್ನು ಸುಮ್ನೆ ಬಾಯಲ್ಲಿ ಆಡಿಸಿ ಬಿಟ್ಟರೆ ಸಾಕು.

ವೈದ್ಯರು ಕುಳಿ ತೊಳೆದು ಔಷಧ ತುಂಬಿದರು. ಮನೆ ತುಂಬ ಲವಂಗದ ವಾಸನೆ! ಅದು ಲವಂಗದೆಣ್ಣೆಯ ಯುಜಿನಾಲ್, ನೋವಿನ ನರವನ್ನು ಮರಗಟ್ಟಿಸುತ್ತದೆ. ಮಾವ ಅವತ್ತು ರಾತ್ರಿ ನಿದ್ದೆ ಮಾಡಿದರು. ಇಂಥ ಕುಳಿಯ ನೋವು ಇಳಿಯಲು ವಾರ, ಹತ್ತು ದಿನ ಬೇಕು. ಆದರೆ ಜ್ವರ, ಕೀವು, ದಿನದಿನಕ್ಕೆ ಏರುವ ಊತ ಇದ್ದರೆ ಅದು ಸೋಂಕು. ಅದಕ್ಕೆ ಕಾಯಬೇಡಿ, ಅವತ್ತೇ ವೈದ್ಯರ ಹತ್ತಿರ ಹೋಗಿ.